ಹದಿನಾಲ್ಕು ನಡೆ ಬಾಯಿಪಾಠ

ವಾರಕ್ಕೊಂದಾದರೂ ಬಾಯಿಪಾಠದ ಕಾಟ ಬಂದು ನನ್ನ ತಲೆ ಮೇಲೆ ಬೀಳದೇ ಇದ್ದರೆ ಆ ವಾರ ಮುಗಿದಿದ್ದೇ ನನಗೆ ಗೊತ್ತಾಗಲ್ಲ. ಹೋದ ವರ್ಷ ಹಲಸೂರಿನ ನಮ್ಮ ಬೀದಿ ಡಾಕ್ಟರು ನನ್ನ ಬಿ.ಪಿ. ನೋಡಿ ಗಾಬರಿಯಾದರು. "ಏನಮ್ಮಾ ಕೆಲಸ ಮಾಡ್ತೀರಿ?" ಅಂದರು. "ಮಕ್ಕಳಿಗೆ ಚೆಸ್ ಹೇಳ್ಕೊಡ್ತೀನಿ" ಅಂದೆ. "ಅದು ಶಾಂತವಾದ ಆಟ ಅಲ್ವಾ? ಮನಸ್ಸಿಗೆ ಒಳ್ಳೇದು" ಅಂದರು. "ಆಟ ಶಾಂತವಾಗೇ ಇದೆ ಡಾಕ್ಟ್ರೇ, ಮಕ್ಕಳ ಅಪ್ಪ-ಅಮ್ಮಂದಿರನ್ನ ನೀವು ನೋಡಿಲ್ಲ" ಅಂದೆ. ಅವರು ನಕ್ಕು ಮಾತ್ರೆ ಬರೆದರು. ಆಮೇಲೆ ಮೆಲ್ಲಗೆ, "ಅಲ್ಲಮ್ಮಾ, ನಮ್ಮ ಮೊಮ್ಮಗನಿಗೆ ಒಂದು ತಿಂಗಳಲ್ಲಿ ಎಷ್ಟು ಓಪನಿಂಗ್ ಬಾಯಿಪಾಠ ಮಾಡಿಸಬಹುದು?" ಅಂತ ಕೇಳಿದರು. ಎರಡನೇ ಮಾತ್ರೆ ಅದಕ್ಕೆ ಬರೆಸಿಕೊಂಡೆ.

ನನ್ನ ಸಿಟ್ಟಿಗೆ ಕಾರಣ ಇದೆ. ಕೆ.ಆರ್. ಪುರಂ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಷನ್ ಸೆಕ್ಷನ್‌ನಲ್ಲಿದ್ದವಳು ನಾನು. ಬಂದ ಪಾರ್ಟನ್ನ ಕೈಯಲ್ಲಿ ಹಿಡಿದು, ತಿರುಗಿಸಿ, ಕಣ್ಣಾರೆ ನೋಡಿ ಪಾಸ್ ಮಾಡಬೇಕು. ನೋಡದೆ ಮುದ್ರೆ ಒತ್ತಿದರೆ ಸಂಜೆಯೊಳಗೆ ಮೆಮೊ. ಚೆಸ್ ಕಲಿತಿದ್ದೂ ಅಲ್ಲೇ, ಊಟದ ಬಿಡುವಿನಲ್ಲಿ, ಪಕ್ಕದ ಬೆಂಚಿನ ಹೆಂಗಸರ ಜೊತೆ. ಪುಸ್ತಕ ಗಿಸ್ತಕ ನಮ್ಮ ಹತ್ತಿರ ಇರಲಿಲ್ಲ. ಬೋರ್ಡ್ ನೋಡ್ತಿದ್ವಿ, ಅಷ್ಟೇ.

ಓಪನಿಂಗ್ ಅಂದ್ರೆ ಆಟದ ಮೊದಲ ಹತ್ತು ಹದಿನೈದು ನಡೆ. ದೊಡ್ಡ ದೊಡ್ಡ ಆಟಗಾರರು ವರ್ಷಗಟ್ಟಲೆ ಆಡಿ, ಸೋತು, ತಲೆ ಕೆಡಿಸಿಕೊಂಡು, ಹೀಗೆ ಶುರು ಮಾಡಿದ್ರೆ ಒಳ್ಳೇದು ಅಂತ ಕಂಡುಕೊಂಡಿರೋದು. ಅದನ್ನ ಕಲಿಯೋದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಕುದುರೆ ಅಲ್ಲಿಗೆ ಯಾಕೆ ಹೋಯ್ತು ಅಂತ ಗೊತ್ತಿಲ್ಲದೆ ಕುದುರೆ ಎತ್ತಿ ಇಡ್ತಾರಲ್ಲ, ಅದಕ್ಕೆ ನನ್ನ ಮೈಯೆಲ್ಲಾ ಉರಿಯುತ್ತೆ.

ಸಿಲಬಸ್ ಎಲ್ಲೈತ್ರೀ?

ದೊಡ್ಡನೆಕ್ಕುಂದಿಯ ಒಂದು ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್‌ನಲ್ಲಿ ಶನಿವಾರ ಶನಿವಾರ ನನ್ನ ಕ್ಲಾಸು. ಹನ್ನೆರಡು ಮಕ್ಕಳು. ಮೆಟ್ರೋದಲ್ಲಿ ಬೈಯಪ್ಪನಹಳ್ಳಿ ತನಕ ಹೋಗಿ, ಅಲ್ಲಿಂದ ಆಟೋದವರ ಹತ್ತಿರ ಬೈಸಿಕೊಂಡು ಬೈದು ತಲುಪೋದು. ಅಲ್ಲಿನ ಸಂಘದ ಸೆಕ್ರೆಟರಿ ಹುಬ್ಬಳ್ಳಿ ಕಡೆಯವರು, ಯಾವುದೋ ಸಾಫ್ಟ್‌ವೇರ್ ಆಫೀಸಿನಲ್ಲಿ ಮ್ಯಾನೇಜರು. ಅವರ ಮಗಳೂ ನನ್ನ ಕ್ಲಾಸಿನಲ್ಲೇ ಇದ್ದಳು. ಒಂದು ದಿನ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಕೊಂಡು ಬಂದರು.

"ಮೇಡಮ್ಮರ, ನಿಮ್ಮ ಸಿಲಬಸ್ ಎಲ್ಲೈತ್ರೀ?"

"ಬೋರ್ಡ್ ಮೇಲೆ" ಅಂದೆ.

"ಹಂಗಲ್ರೀ. ಒಂದ್ ಆ್ಯಪ್ ಬಂದೈತಿ. ವಾರಕ್ಕ ನಲವತ್ತು ನಡಿ ಬಾಯಿಪಾಠ ಮಾಡಸ್ತಾರ. ವಾರ ಮುಗಿಯೂದ್ರಾಗ ಮೊಬೈಲಿಗೆ ರಿಪೋರ್ಟ್ ಬರ್ತೈತಿ. ನೀವು ವಾರಕ್ಕ ಎಷ್ಟು ನಡಿ ಕಲಸ್ತೀರಿ?"

"ಹೋದ ವಾರ ಒಂದು ಕಲಿಸೋಕೆ ಹೋದೆ, ಅದೂ ಪೂರ್ತಿ ಆಗ್ಲಿಲ್ಲ" ಅಂದೆ.

ಅವರ ಮುಖ ನೋಡಬೇಕಿತ್ತು. ಪಾಪ, ಒಳ್ಳೇ ಮನುಷ್ಯ, ಜಗಳಕ್ಕೆ ಬಂದವರಲ್ಲ. "ಮೂರು ತಿಂಗಳು ನೋಡೂಣ್ರಿ. ಆಮ್ಯಾಲ ಒಂದ್ ಡೆಮೊ ಡೇ ಇಡೂಣು. ಮಕ್ಕಳು ಏನ್ ಕಲತಾರ ಅಂತ ಕಮಿಟಿ ನೋಡ್ತೈತಿ. ಚೊಲೋ ಇದ್ರ ನೀವೇ ಇರ್ರಿ. ಇಲ್ಲಾಂದ್ರ ಎಲ್ಲಾ ಹುಡುಗ್ರನ್ನೂ ಆ್ಯಪಿಗೆ ಹಚ್ಚತೀವಿ" ಅಂದರು. ಅಲ್ಲೀವರೆಗೆ ನೀವೂ ವಾರ ವಾರ ರಿಪೋರ್ಟ್ ಕಳಿಸಬೇಕು ಅಂತಲೂ ಸೇರಿಸಿದರು.

ಹಲ್ಲು ಕಚ್ಚಿಕೊಂಡು ಮೊದಲ ರಿಪೋರ್ಟ್ ಬರೆದೆ: "ಈ ವಾರ ನಿಮ್ಮ ಮಗಳು ಎರಡು ಸಲ ಯೋಚನೆ ಮಾಡಿದ್ದಾಳೆ." ಹತ್ತು ನಿಮಿಷಕ್ಕೆ ಫೋನು. ಬೈತಾರೆ ಅಂದ್ಕೊಂಡೆ. ಸೆಕ್ರೆಟರಿ ಗಂಭೀರವಾಗಿ, "ಮೇಡಮ್ಮರ, ಕ್ಲಾಸಿನ ಆವರೇಜ್ ಎಷ್ಟೈತಿ?" ಅಂತ ಕೇಳಿದರು.

ಮಗ್ಗಿ

ನನ್ನ ಕ್ಲಾಸಿನಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗ. ಅವನ ತಾಯಿಗೆ ಎಲ್ಲದಕ್ಕೂ ರಾಗ ಹಾಕೋ ಅಭ್ಯಾಸ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅಂತ ಮಗ್ಗಿ ಹೇಳಿಸ್ತೀವಲ್ಲ, ಅದೇ ರಾಗದಲ್ಲಿ ಓಪನಿಂಗ್ ಹೇಳಿಸಿದ್ದರು. ಆ ಆ್ಯಪನ್ನ ಆಗಲೇ ಮನೇಲಿ ಗುಟ್ಟಾಗಿ ಹಾಕ್ಕೊಂಡಿದ್ದರಂತೆ. ಹುಡುಗ ತುಟಿ ಅಲ್ಲಾಡಿಸ್ತಾ, ತಲೆ ತೂಗ್ತಾ ಕಾಯಿ ಎತ್ತಿಡ್ತಿದ್ದ. ಎದುರಿಗೆ ಯಾರು ಕೂತಿದ್ದಾರೆ, ಅವರೇನು ಆಡಿದರು, ಅದೆಲ್ಲ ಅವನಿಗೆ ಬೇಕಾಗಿರಲಿಲ್ಲ.

ಕೆ.ಆರ್. ಪುರಂನ ಒಂದು ಸ್ಕೂಲಿನ ಹಾಲ್‌ನಲ್ಲಿ ಮಕ್ಕಳ ಪಂದ್ಯ. ಇವನು ಏಳನೇ ನಡೆವರೆಗೂ ಸರಾಗವಾಗಿ ಹೋದ. ಅಷ್ಟರಲ್ಲಿ ಪಂದ್ಯ ನೋಡ್ಕೊಳ್ಳೋ ಅಂಪೈರ್ ಪಟ್ಟಿ ಹಿಡ್ಕೊಂಡು ಬಂದು, "ನಿನ್ನ ಹೆಸರೇನಪ್ಪಾ?" ಅಂದುಬಿಟ್ಟರು.

ಹುಡುಗ ಹೆಸರು ಹೇಳಿದ. ಹೇಳಿದ್ದೇ ತಡ, ರಾಗ ತಪ್ಪಿಹೋಯ್ತು. ಕಣ್ಣು ಮೇಲೆ ಮಾಡಿದ, ತುಟಿ ಕಚ್ಚಿದ, ಬೆರಳು ಎಣಿಸಿದ. ಊಹೂಂ. ಮಗ್ಗಿ ಮಧ್ಯದಲ್ಲಿ ನಿಂತರೆ ಮಕ್ಕಳು ಏನು ಮಾಡ್ತಾವೆ? ಮೊದಲಿಂದ ಹೇಳ್ತಾವೆ. ಇವನೂ ತಣ್ಣಗೆ ತನ್ನ ಕುದುರೆ, ಒಂಟೆ, ಕಾಲಾಳು ಎಲ್ಲಾ ಒಂದೊಂದಾಗಿ ಎತ್ತಿ ವಾಪಸ್ ಅವರವರ ಮನೆಯಲ್ಲಿ ಇಡೋಕೆ ಶುರು ಮಾಡಿದ.

"ಏಯ್, ಏನೋ ಮಾಡ್ತಿದೀಯ?" ಅಂತ ಅಂಪೈರ್ ಕೂಗಿದರು.

"ಮೊದಲಿಂದ ಹೇಳ್ತೀನಿ ಸರ್."

ನಾನು ಗೋಡೆ ಪಕ್ಕ ನಿಂತು ಕೈ ಕೈ ಹಿಸುಕಿಕೊಳ್ತಿದ್ದೆ. ಅಂಪೈರ್ ಎದುರಿಗಿದ್ದ ಹುಡುಗನ ಕಡೆ ತಿರುಗಿ, "ನೋಡಪ್ಪಾ, ನೀನು ದೂರು ಕೊಟ್ಟರೆ ಇವನನ್ನ ಸೋಲಿಸಿಬಿಡ್ತೀನಿ" ಅಂದರು. ಆ ಹುಡುಗ ಮುಖ ಸಣ್ಣಗೆ ಮಾಡ್ಕೊಂಡು, "ಬೇಡ ಸರ್. ನನಗೂ ಆಗಲೇ ಮರೆತುಹೋಗಿದೆ. ನಾನೂ ಮೊದಲಿಂದ ಇಟ್ಕೋತೀನಿ" ಅಂದ.

ಆರು ನಿಮಿಷ

ಸೆಕ್ರೆಟರಿ ಮಗಳ ಕಥೆ ಬೇರೆ. ಹತ್ತು ವರ್ಷ. ಮಾತು ಕಡಿಮೆ. ಆ ಹುಡುಗಿ ತಲೇಲಿ ಏನೋ ಇದೆ ಅಂತ ಮೊದಲ ದಿನವೇ ನನಗೆ ಗೊತ್ತಾಗಿತ್ತು. ಆದ್ರೆ ಅವಳಪ್ಪ ಬೆಳಿಗ್ಗೆ ಸ್ಕೂಲ್ ಬಸ್ ಬರೋದರೊಳಗೆ ಕೂರಿಸಿಕೊಂಡು, ತಲೆ ತುಂಬ ಅದೇ ಆ್ಯಪಿನ ಹದಿನಾಲ್ಕು ನಡೆ ತುಂಬಿಸಿದ್ದರು.

ಇಂದಿರಾನಗರದಲ್ಲಿ ಒಂದು ಪಂದ್ಯ. ಅಲ್ಲೂ ಎದುರಿಗೆ ಕೂತಿದ್ದ ಹುಡುಗ ಅದೇ ಆ್ಯಪಿನ ಕೂಸು. ಇಬ್ಬರೂ ಟಕ ಟಕ ಅಂತ ಹದಿನಾಲ್ಕು ನಡೆ ಆಡಿದರು, ಒಂದೂ ತಪ್ಪಿಲ್ಲ. ಹದಿನಾಲ್ಕಾದ ಮೇಲೆ ಇವಳು ಪೆನ್ನಿನ ಕ್ಯಾಪ್ ಹಾಕಿದಳು. ನಡೆ ಬರೆದ ಹಾಳೆ ಮಡಚಿ ಅಂಪೈರ್ ಕೈಗೆ ಕೊಟ್ಟಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಟಿಫಿನ್ ಡಬ್ಬಿ ಬಿಚ್ಚಿದಳು. ಒಳಗೆ ಅವಳ ಗಡಿಯಾರ ಓಡ್ತಾನೇ ಇತ್ತು.

ನಾನು ಓಡಿ ಬಂದೆ. "ಯಾಕೇ ಎದ್ದು ಬಂದೆ? ಯಾರು ಗೆದ್ದಿದ್ದು?"

"ಗೊತ್ತಿಲ್ಲ ಮಿಸ್. ನನಗೆ ಬರೋದೆಲ್ಲಾ ಬರೆದುಬಿಟ್ಟೆ" ಅಂದಳು. ಬಾಯಲ್ಲಿ ಚಪಾತಿ.

ಅಯ್ಯೋ ದೇವರೇ! ಬೋರ್ಡ್ ಮೇಲೆ ಅವಳದೇ ಕೈ ಮೇಲಿತ್ತು. ಇನ್ನು ನಾಲ್ಕು ನಡೆ ಕಣ್ಣು ಬಿಟ್ಟು ಆಡಿದ್ದರೆ ಗೆದ್ದಿರೋಳು. ಟೈಮ್ ಮುಗಿದು ಸೋತಳು. ಅವಳಪ್ಪನಿಗೆ ಹೇಳಿದರೆ, "ಅಲ್ರೀ, ಅರ್ಧ ತಾಸು ಮೊದಲ ಮುಗಿಸ್ಯಾಳ. ಅದಕ್ಕ ಒಂದೆರಡು ಮಾರ್ಕ್ಸ್ ಇರಬೇಕಲ್ರೀ?" ಅಂದರು. ಆವತ್ತು ಮೆಟ್ರೋದಲ್ಲಿ ಒಬ್ಬಳೇ ಬೈಕೊಂಡು ಬಂದೆ, ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು.

ಆಮೇಲಿನ ಶನಿವಾರ ಅದೇ ಹದಿನಾಲ್ಕನೇ ನಡೆ ಬೋರ್ಡ್ ಮೇಲೆ ಇಟ್ಟು ಅವಳನ್ನ ಕೂರಿಸಿದೆ. "ಈಗ ಬಾಯಿಪಾಠ ಮುಗೀತು. ಇನ್ನು ಬೋರ್ಡ್ ನೋಡು. ನಿನಗೆ ಏನು ಕಾಣುತ್ತೋ ಹೇಳು. ಏನೂ ಕಾಣದಿದ್ರೆ ಸುಮ್ನೆ ಕೂತಿರು, ನಾನೇನೂ ಮಾಡಲ್ಲ" ಅಂದೆ. ಕೂತಳು. ಗಲ್ಲಕ್ಕೆ ಕೈ ಕೊಟ್ಟು ನೋಡಿದಳು, ನೋಡಿದಳು, ನೋಡಿದಳು. ಆಮೇಲೆ ಮೆಲ್ಲಗೆ, "ಮಿಸ್, ಈ ಆನೆಗೆ ಹೊರಗೆ ಬರೋಕೆ ದಾರೀನೇ ಇಲ್ಲ. ನಾನೇ ಬಾಗಿಲು ಮುಚ್ಚಿಬಿಟ್ಟಿದೀನಿ" ಅಂದಳು.

ಅದನ್ನ ಯಾವ ಆ್ಯಪೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳಾಗೇ ಕಂಡಿದ್ದು. ಡೆಮೊ ಡೇಲಿ ನನ್ನ ಕ್ಲಾಸು ಹೋದರೆ ಹೋಗಲಿ, ಈ ಹುಡುಗೀನ ಮಾತ್ರ ಮತ್ತೆ ಗಿಳಿ ಮಾಡಿಬಿಡ್ತಾರಲ್ಲ ಅಂತ ಆವತ್ತಿಂದ ನನಗೆ ಅದೇ ಯೋಚನೆ. ಖುಷಿ ತಡೆಯೋಕಾಗದೆ ಅವಳಪ್ಪನಿಗೆ ಫೋನ್ ಮಾಡಿ, "ನಿಮ್ಮ ಮಗಳು ಇವತ್ತು ಒಂದು ನಡೆಗೆ ಆರು ನಿಮಿಷ ಬೋರ್ಡ್ ನೋಡಿದಳು ಸಾರ್!" ಅಂದೆ.

"ಆರು ನಿಮಿಷಾನ್ರೀ? ಮೊದಲ ಹಂಗಿರಲಿಲ್ಲಲ್ಲ. ಕಣ್ಣಿನ ಡಾಕ್ಟರಿಗೆ ತೋರಸ್ಲೇನು?" ಅಂದರು.

ಎರಡೂ ಕಡೆ

ಮಕ್ಕಳಿಗೆ ಪುಸ್ತಕದ ಹೊರಗೂ ಚೆಸ್ ಇದೆ ಅಂತ ತೋರಿಸಬೇಕು ಅಂತ ಒಂದು ಭಾನುವಾರ ಬೆಳಿಗ್ಗೆ ಮೂರು ಜನರನ್ನ ಶಿವಾಜಿನಗರಕ್ಕೆ ಕರ್ಕೊಂಡು ಹೋದೆ. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡೋ ಒಬ್ಬ ಸಾಬರಿದ್ದಾರೆ. ಅಂಗಡಿ ಮುಂದೆ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಬೋರ್ಡ್. ನಾನು ಅವರ ಹತ್ತಿರ ಎಷ್ಟೋ ಸಲ ಸೋತಿದ್ದೀನಿ. ಯಾವ ಓಪನಿಂಗಿನ ಹೆಸರೂ ಅವರಿಗೆ ಗೊತ್ತಿಲ್ಲ. ಬೋರ್ಡ್ ನೋಡ್ತಾರೆ, ಗಡ್ಡ ನೀವ್ಕೋತಾರೆ, ಎದುರಿನವರ ಕಥೆ ಮುಗಿಸ್ತಾರೆ.

ಮಗ್ಗಿ ಹುಡುಗ ಮೊದಲು ಕೂತ. ಸಾಬರು ಬಿಳಿ. ಮೂಲೆಯ ಆನೆ ಮುಂದಿನ ಕಾಲಾಳನ್ನ ಎರಡು ಮನೆ ತಳ್ಳಿದರು.

"ಅಂಕಲ್, ಇದು ನಮ್ಮ ಪಾಠದಲ್ಲಿಲ್ಲ. ಬೇರೆ ಆಡಿ" ಅಂದ ಹುಡುಗ.

ಸಾಬರು ದೊಡ್ಡ ಮನಸ್ಸಿನವರು. "ಅಚ್ಛಾ" ಅಂತ ವಾಪಸ್ ತಗೊಂಡು, ಇನ್ನೊಂದು ಮೂಲೆಯ ಕಾಲಾಳು ತಳ್ಳಿದರು.

"ಇದೂ ಇಲ್ಲ ಅಂಕಲ್."

ನಾನು ಬಾಯಿ ಹಾಕೋಕೆ ಹೋದೆ, ಸಾಬರು ಕೈ ಎತ್ತಿ ತಡೆದರು. "ಅರೇ ಬೇಟಾ, ತೇರೆ ಕಿತಾಬ್ ಮೆ ಕ್ಯಾ ಹೈ ವೋಚ್ ತೂಚ್ ಚಲಾದೇ. ನಿನ್ ಪುಸ್ತಕದಲ್ಲಿ ಏನಿದೆ ಅದೇ ನನ್ದೂ ನೀನೇ ಆಡ್ಬುಡು" ಅಂದು ಟೀ ಹೇಳಿದರು.

ಹುಡುಗ ಬಹಳ ಖುಷಿಯಿಂದ ಹತ್ತು ನಡೆ ಎರಡೂ ಕಡೆಯಿಂದ ತಾನೇ ಆಡಿದ. ರಾಗ ಒಂದು ಕಡೆಯೂ ತಪ್ಪಲಿಲ್ಲ. ಸಾಬರು ಟೀ ಕುಡಿದರು, ಒಂದು ಮಿಷನ್ನಿನ ಬೆಲ್ಟ್ ಬದಲಾಯಿಸಿದರು, ಗಿರಾಕಿ ಹತ್ತಿರ ಮಾತಾಡಿದರು. "ಆಯ್ತಾ? ಪೂರಾ ಆಯ್ತಾ?" ಅಂತ ಕೇಳಿ ಗ್ಲಾಸು ಕೆಳಗಿಟ್ಟರು. ಒಂದು ಸಲ ಬೋರ್ಡ್ ನೋಡಿದರು. ಅಲ್ಲಿಂದ ಆರನೇ ನಡೆಗೆ ಹುಡುಗನ ರಾಜನಿಗೆ ಹೋಗೋಕೆ ಮನೆ ಇರಲಿಲ್ಲ.

ವಾಪಸ್ ಬರುವಾಗ ಹುಡುಗನ ಮುಖ ಬಾಡಿತ್ತು. ಸಮಾಧಾನ ಮಾಡೋಣ ಅಂತ ತಲೆ ಸವರಿದೆ. ಅವನು ಮೂಗು ಒರೆಸಿಕೊಂಡು, "ಹತ್ತನೇ ನಡೆವರೆಗೂ ನಾನೇ ಗೆಲ್ತಿದ್ದೆ ಮಿಸ್" ಅಂದ.

"ಎರಡೂ ಕಡೆ ನೀನೇ ಆಡ್ತಿದ್ದೆಯಲ್ಲೋ!" ಅಂತ ನಾನು ಕಿರುಚಿದ್ದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ತಿರುಗಿ ನೋಡಿದರು. ಹುಡುಗ ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಸೋತಿದ್ದು ಮಾತ್ರ ಅಂಕಲ್ ಬಂದ ಮೇಲೆ" ಅಂದ.

ಆರು ಗಂಟೆಯವರೆಗೆ ಮಾತ್ರ

ಡೆಮೊ ಡೇಗೆ ಎರಡು ವಾರ ಇರುವಾಗ ಬೈಯಪ್ಪನಹಳ್ಳಿ ಸ್ಟೇಷನ್ನಿನಲ್ಲಿ ಒಬ್ಬ ಯುವಕ ನನ್ನ ಗುರುತು ಹಿಡಿದ. ಆ್ಯಪ್ ಮಾರೋನು. ಕ್ಲಬ್ ಹೌಸ್‌ಗೆ ಬಂದು ಹೋಗಿದ್ದನಂತೆ. ಪಕ್ಕದಲ್ಲೇ ಬಂದು ಕೂತ.

"ಮ್ಯಾಮ್, ಬೇಜಾರ್ ಮಾಡ್ಕೋಬೇಡಿ. ನಮ್ಮ ಕೋರ್ಸಲ್ಲಿ ಮಗು ಯೋಚನೇನೇ ಮಾಡ್ಬೇಕಾಗಿಲ್ಲ. ಫುಲ್ ಸ್ಟ್ರೆಸ್ ಫ್ರೀ."

"ಎದುರಿನವನು ಪಾಠದಲ್ಲಿ ಇಲ್ಲದ ನಡೆ ಆಡಿದರೆ?"

"ಅದಕ್ಕೆ ಅಡ್ವಾನ್ಸ್ಡ್ ಪ್ಯಾಕ್ ಇದೆ ಮ್ಯಾಮ್."

"ಅದರಲ್ಲೂ ಇಲ್ಲದ್ದು ಆಡಿದರೆ?"

"ಕಸ್ಟಮರ್ ಕೇರ್‌ಗೆ ಫೋನ್ ಮಾಡ್ಬಹುದು ಮ್ಯಾಮ್."

"ಆಟದ ಮಧ್ಯದಲ್ಲಾ?" ಅಂದೆ. ನನ್ನ ಧ್ವನಿ ಏರಿದ್ದು ನನಗೇ ಕೇಳಿಸಿತು. ಅವನಿಗೂ ತಪ್ಪಿನ ಅರಿವಾದ ಹಾಗೆ ಕಂಡಿತು. "ಇಲ್ಲ ಇಲ್ಲ ಮ್ಯಾಮ್, ಸಾರಿ," ಅಂದ, "ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಾತ್ರ."

ಡೆಮೊ ಡೇ

ಡೆಮೊ ಡೇಗೆ ನಾನೇ ಒಂದು ಷರತ್ತು ಹಾಕಿದ್ದೆ. "ಮಕ್ಕಳ ಕೈಲಿ ನಡೆ ಒಪ್ಪಿಸಬೇಡಿ. ಗೋಡೆಗೆ ದೊಡ್ಡ ಬೋರ್ಡ್ ನೇತುಹಾಕಿ, ಅದರ ಮೇಲೆ ಯಾವುದಾದರೂ ಒಂದು ಆಟದ ಮಧ್ಯದ ಸ್ಥಿತಿ ಇಡಿ. ಕಪ್ಪು ಚೆನ್ನಾಗಿದೆಯೋ ಬಿಳಿಯೋ ಕೇಳಿ. ಯಾಕೆ ಅಂತ ಕೇಳಿ. 'ಯಾಕೆ'ಗೆ ಉತ್ತರ ಹೇಳಿದರೆ ನನ್ನ ಕ್ಲಾಸ್ ಇರಲಿ, ಇಲ್ಲದಿದ್ರೆ ನಾಳೆಯಿಂದ ಬರಲ್ಲ" ಅಂದಿದ್ದೆ. ಮೂರು ತಿಂಗಳು ನಾನು ಯಾಕೆ, ಯಾಕೆ ಅಂತ ಗಂಟಲು ಹರ್ಕೊಂಡಿದ್ದು ಅದಕ್ಕೇ. ಸೆಕ್ರೆಟರಿ ಒಪ್ಪಿದರು.

ಕ್ಲಬ್ ಹೌಸ್ ತುಂಬಿತ್ತು. ಅಪ್ಪಂದಿರು, ಅಮ್ಮಂದಿರು, ಅಜ್ಜಿಯರು. ಸಮೋಸ ತಟ್ಟೆ. ಸಂಘದ ಖಜಾಂಚಿ ಮೊಬೈಲಿನಲ್ಲಿ ಒಂದು ಚಿತ್ರ ನೋಡ್ಕೊಂಡು, ಗೋಡೆ ಬೋರ್ಡಿನ ಮೇಲೆ ಮ್ಯಾಗ್ನೆಟ್ ಕಾಯಿಗಳನ್ನ ಅಂಟಿಸಿದರು. ನಾನು ಅಷ್ಟರಲ್ಲೇ ಮೂರು ಲೋಟ ನೀರು ಕುಡಿದಿದ್ದೆ. ಫ್ಯಾಕ್ಟರಿಯಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗಲೂ ಹೀಗೆ ಆಗಿರಲಿಲ್ಲ.

ಮೊದಲು ಮಗ್ಗಿ ಹುಡುಗ ಬಂದ. "ಯಾವ್ದು ಚೊಲೋ ಐತಿ?" ಅಂತ ಸೆಕ್ರೆಟರಿ ಕೇಳಿದರು.

"ಕಪ್ಪು ಚೆನ್ನಾಗಿದೆ ಸರ್."

"ಯಾಕ?"

ಹುಡುಗ ಕೈ ಕಟ್ಟಿದ, ಕಣ್ಣು ಮುಚ್ಚಿದ, ತಲೆ ತೂಗಿದ. "ಕಪ್ಪು ಕುದುರೆ ಮಧ್ಯದಲ್ಲಿದೆ, ಎಂಟು ಮನೆ ನೋಡುತ್ತೆ. ಬಿಳಿ ರಾಜ ಇನ್ನೂ ನಡುಬೀದಿಯಲ್ಲಿದ್ದಾನೆ. ಬಿಳಿ ಆನೆ ಮೂಲೇಲಿ ನಿದ್ದೆ ಹೊಡೀತಿದೆ. ನನ್ನ ಮುಖ ಏನು ನೋಡ್ತೀಯ, ಬೋರ್ಡ್ ನೋಡೋ ಕತ್ತೆ."

ಹಾಲ್ ತುಂಬ ಚಪ್ಪಾಳೆ. ನಾನು ಗೋಡೆ ಕಡೆ ನೋಡಿದೆ. ಕಪ್ಪು ಕುದುರೆ ಬೋರ್ಡಿನ ಮೂಲೆಯಲ್ಲಿ ನಿಂತಿತ್ತು. ಅಲ್ಲಿಗೇ ನನ್ನ ಕಣ್ಣಿಗೆ ಕತ್ತಲೆ ಬಂತು, ಆಮೇಲೆ ಆ ಕಡೆ ನೋಡೋ ಧೈರ್ಯವೇ ಆಗಲಿಲ್ಲ.

ಎರಡನೇ ಮಗು ಬಂತು. ಕಪ್ಪು ಚೆನ್ನಾಗಿದೆ ಸರ್. ಕುದುರೆ ಮಧ್ಯದಲ್ಲಿದೆ. ನಡುಬೀದಿ, ನಿದ್ದೆ, ಕತ್ತೆ. ಮೂರನೆಯದು ಬಂತು. ಅದೇ ರಾಗ, ಅದೇ ಕತ್ತೆ. ಆಗ ನನಗೆ ಗೊತ್ತಾಯ್ತು. ಮಗ್ಗಿ ಹುಡುಗನ ತಾಯಿ ಒಂದು ಶನಿವಾರ ಬಾಗಿಲ ಹತ್ತಿರ ಮೊಬೈಲ್ ಹಿಡ್ಕೊಂಡು ನಿಂತಿದ್ದು ನೋಡಿದ್ದೆ. ನಾನು ಯಾವುದೋ ಒಂದು ಆಟದ ಬಗ್ಗೆ ವಿವರಿಸಿದ್ದನ್ನ ರೆಕಾರ್ಡ್ ಮಾಡಿ, ರಾಗ ಹಾಕಿ, ಅಮ್ಮಂದಿರ ವಾಟ್ಸ್ಯಾಪ್ ಗುಂಪಿಗೆ ಬಿಟ್ಟಿದ್ದರು. ಮಿಸ್ 'ಯಾಕೆ' ಅಂದ್ರೆ ಹೇಳಬೇಕಾದ ಉತ್ತರ ಅಂತ. ನನ್ನ ಬೈಗುಳವನ್ನೂ ತೆಗೆಯದೆ, ಪೂರ್ತಿಯಾಗಿ!

ನನಗೆ ಎದ್ದು ಆ ಬೋರ್ಡ್ ಕಿತ್ತು ಎಸೆಯೋಣ ಅನ್ನಿಸಿತು. ಮೂರು ತಿಂಗಳು! ಬಾಯಿಪಾಠ ಬೇಡ ಅಂತ ನಾನು ಕೂಗಿದ್ದನ್ನೇ ಬಾಯಿಪಾಠ ಮಾಡಿಸಿದ್ದರು. ಹನ್ನೊಂದು ಮಕ್ಕಳು ಬಂದರು, ಹನ್ನೊಂದೂ ಮಕ್ಕಳು ಖಜಾಂಚಿ ಮುಖದ ಎದುರಿಗೇ ಕತ್ತೆ ಅಂದು ಹೋದರು. ಪ್ರತಿ ಸಲ ಚಪ್ಪಾಳೆ. "ಎಷ್ಟು ಡೀಪ್ ಆಗಿ ಅರ್ಥ ಮಾಡ್ಕೊಂಡಿದಾರೆ ನೋಡಿ!" ಅಂತ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕುಲುಕಿದರು.

ಕೊನೆಗೆ ಸೆಕ್ರೆಟರಿ ಮಗಳು ಬಂದಳು. "ಯಾವ್ದು ಚೊಲೋ ಐತಿ, ಪುಟ್ಟಿ?" ಅಂದರು ಅಪ್ಪ.

ಅವಳು ಬೋರ್ಡಿನ ಕಡೆ ತಿರುಗಿ ನಿಂತು ನೋಡ್ತಾ ಹೋದಳು. ಒಂದು ನಿಮಿಷ ಆಯ್ತು. ಹಿಂದಿನ ಸಾಲಿನಲ್ಲಿ ಗುಸುಗುಸು. ಎರಡು ನಿಮಿಷ. ಅಪ್ಪನ ಹಣೆ ಮೇಲೆ ಬೆವರು. ಮಗಳಿಗೆ ಕಾಣಲಿ ಅಂತ ತುಟಿಯಲ್ಲೇ "ಕಪ್ಪು, ಕಪ್ಪು" ಅಂತಿದ್ದರು. ಅವಳು ಅಪ್ಪನ ಕಡೆ ನೋಡಲೇ ಇಲ್ಲ. ನೋಡು ಮಗಳೇ, ಎಷ್ಟು ಹೊತ್ತು ಬೇಕಾದ್ರೂ ನೋಡು ಅಂತ ನಾನು ಮನಸ್ಸಿನಲ್ಲೇ ಬೇಡ್ಕೊಳ್ತಿದ್ದೆ.

ಆಮೇಲೆ ಅವಳು ತಿರುಗಿ, "ಹೇಳೋಕಾಗಲ್ಲ ಅಪ್ಪ. ಕಪ್ಪಿಗೆ ರಾಜಾನೇ ಇಲ್ಲ" ಅಂದಳು.

ಎಲ್ಲರೂ ಮೊದಲನೇ ಸಲ ಬೋರ್ಡ್ ನೋಡಿದರು. ನಾನೂ ನೋಡಿದೆ. ಹೌದು, ಇರಲಿಲ್ಲ. ಮ್ಯಾಗ್ನೆಟ್ ಸಡಿಲ ಆಗಿ ರಾಜ ಯಾವಾಗಲೋ ಕೆಳಗೆ ಬಿದ್ದು, ಸಮೋಸ ಮೇಜಿನ ಕೆಳಗೆ ಹೋಗಿ ಕೂತಿದ್ದ. ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಷನ್ ಮಾಡಿದ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯ್ತು. ನೋಡಿದವಳು ಆ ಹುಡುಗಿ ಒಬ್ಬಳೇ. ಅವಳನ್ನ ಎತ್ತಿಕೊಂಡು ಕುಣಿಯಬೇಕು ಅನ್ನಿಸಿತು.

ಕಮಿಟಿ ಮೂಲೆಗೆ ಹೋಗಿ ತಲೆ ತಲೆ ಸೇರಿಸಿತು. ಐದು ನಿಮಿಷ ಬಿಸಿ ಚರ್ಚೆ. ಸೆಕ್ರೆಟರಿ ಮೈಕ್ ಹಿಡಿದು ಬಂದರು. ಅವರ ಮುಖ ಬಹಳ ಗಂಭೀರ.

"ಕಪ್ಪಿಗೆ ರಾಜ ಇಲ್ಲ ಅನ್ನೂದು ಖರೆ. ಆದ್ರ ರಾಜಾನ ಇಲ್ಲಾಂದ್ಮ್ಯಾಲ ಕಪ್ಪಿಗೆ ಚೆಕ್‌ಮೇಟ್ ಕೊಡಾಕ ಯಾರಿಗೂ ಆಗೂದಿಲ್ಲ. ಅಂದ್ರ ಕಪ್ಪು ಸೋಲೂದಿಲ್ಲ. ಹಂಗಾಗಿ ಕಪ್ಪು ಚೊಲೋ ಐತಿ ಅಂತ ಹನ್ನೊಂದು ಹುಡುಗ್ರು ಹೇಳಿದ್ದು ಬರೋಬ್ಬರಿ ಐತಿ. ಮೇಡಮ್ಮರ ಕ್ಲಾಸು ಮುಂದುವರಿತೈತಿ!"

ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಮೈಕ್ ಬಾಯಿಂದ ದೂರ ಮಾಡಿ, ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ನಮ್ಮ ಹುಡುಗಿ ಒಬ್ಬಾಕಿಗೇ ಬರಲಿಲ್ರೀ. ಆಕಿಯನ್ನ ಆ್ಯಪಿಗೆ ಹಚ್ಚತೀನಿ. ಆಕಿ ಸಲುವಾಗಿ ಕ್ಲಾಸಿನ ಹೆಸರು ಕೆಡೂದು ಬ್ಯಾಡ" ಅಂದರು. ಅವರ ಕಣ್ಣಲ್ಲಿ ನೀರಿತ್ತು, ನಿಜವಾಗಲೂ.

ನನ್ನ ತಾಳ್ಮೆ ಅಲ್ಲಿಗೆ ಮುಗೀತು. "ಸಾರ್, ಆ ಹನ್ನೊಂದು ಜನರನ್ನ ಇವತ್ತೇ ಆ್ಯಪಿಗೆ ಸೇರಿಸಿ. ನನಗೆ ಬೇಡ. ಒಬ್ಬರೂ ಬೇಡ. ಈ ಫೇಲಾದವಳನ್ನ ಮಾತ್ರ ನನಗೆ ಕೊಡಿ!" ಅಂತ ಕೂಗಿದೆ. ಮೈಕ್ ಆನ್ ಇತ್ತು. ಹಾಲಿನ ಆ ತುದಿವರೆಗೂ ಕೇಳಿಸಿತು.

ಸೆಕ್ರೆಟರಿ ಕಂಗಾಲಾಗಿ, "ಯಾಕ್ರೀ ಮೇಡಮ್ಮರ?" ಅಂದರು.

ಯಾಕೆ ಅನ್ನೋ ಪದ ಕಿವಿಗೆ ಬಿದ್ದಿದ್ದೇ ತಡ, ಸಮೋಸ ತಿನ್ನುತ್ತಿದ್ದ ಹನ್ನೊಂದು ಮಕ್ಕಳು ಥಟ್ ಅಂತ ಎದ್ದು ನಿಂತು, ಕೈ ಕಟ್ಟಿ, ಕಣ್ಣು ಮುಚ್ಚಿ, ಒಂದೇ ರಾಗದಲ್ಲಿ ಕಪ್ಪು ಕುದುರೆ ಮಧ್ಯದಲ್ಲಿದೆ ಅಂತ ಶುರು ಮಾಡಿದವು. ಆ ಗದ್ದಲದಲ್ಲಿ ಸೆಕ್ರೆಟರಿ ಹೂಂ ಅಂತ ತಲೆ ಆಡಿಸಿಬಿಟ್ಟರು.

ಕ್ಲಬ್ ಹೌಸ್ ಬಿಟ್ಟೆ. ಹುಡುಗಿ ಈಗ ಶನಿವಾರ ಹಲಸೂರಿಗೆ ನಮ್ಮ ಮನೆಗೇ ಬರ್ತಾಳೆ. ಹೋದ ವಾರ ಒಂದೂ ಮಾತಾಡದೆ ಕೂತು, ಬೋರ್ಡ್ ನೋಡಿ ನೋಡಿ, ನನಗೇ ಮಣ್ಣು ಮುಕ್ಕಿಸಿದಳು. ಆ ಸಂಜೆಯೇ ಸೆಕ್ರೆಟರಿ ಫೋನು. "ಹೆಂಗದಾಳ್ರೀ ನಮ್ಮ ಹುಡುಗಿ? ಸ್ವಲ್ಪರ ಸುಧಾರಿಸ್ಯಾಳ?"

ನಾನು ನಿಟ್ಟುಸಿರು ಬಿಟ್ಟೆ. "ಭಾರಿ ವೀಕು ಸಾರ್. ಇನ್ನೂ ಐದಾರು ವರ್ಷ ಆದ್ರೂ ನನ್ನ ಹತ್ತಿರಾನೇ ಇರ್ಬೇಕಾಗುತ್ತೆ."

"ಅಯ್ಯಯ್ಯ," ಅಂದರು ಪಾಪ, "ಹಂಗಿದ್ರ ಬುಧವಾರನೂ ಕಳಸ್ತೀನಿ ತಗೋರಿ."